ಕತ್ತೆಕಿರುಬನ ಅಂಗಳ

ನಮ್ಮೂರಿನಲ್ಲಿ ಮೃಗಾಲಯವೂ ಅದಕ್ಕೆ ಅಂಟಿಕೊಂಡ ಮತ್ಸ್ಯಾಲಯವೂ ತೆರೆದ ಮೇಲೆ, ಎದುರಾದವರನ್ನು ಊಟವಾಯಿತೇ ಎಂದು ಕೇಳುವ ಪದ್ಧತಿ ನಿಂತುಹೋಗಿ, "ನಿಮ್ಮದು ಯಾವುದು?" ಎಂದು ಕೇಳುವ ಪದ್ಧತಿ ಬಂತು. ಅಂಚೆಮನೆಯ ತಿಮ್ಮರಸಯ್ಯನವರದು ನೀರುನಾಯಿ ಎಂಬುದು ಮೊದಲ ವಾರದಲ್ಲಿಯೇ ಬಯಲಾಯಿತು. ನೀರುನಾಯಿಗಳು ಬಂಡೆಯ ಮೇಲೆ ಮಲಗಿ ಬೆಣಚುಕಲ್ಲನ್ನು ಎಸೆದು ಹಿಡಿಯುವ ಹೊತ್ತಿಗೆ ಸರಿಯಾಗಿ ಅವರು ಮೊಹರನ್ನು ಬದಿಗಿಟ್ಟು, ಲಕೋಟೆಯ ಕಟ್ಟುಗಳನ್ನು ಸೂರಿನವರೆಗೆ ಎಸೆದು ಹಿಡಿಯುತ್ತಿದ್ದರು. ಬಳೆಗಾರ್ತಿ ಗೌರಕ್ಕನದು ಗಾಜಿನ ಸುರಂಗದ ಎಡಗಡೆ ತೊಟ್ಟಿಯಲ್ಲಿದ್ದ ಅಷ್ಟಪದಿ. ಅವಳು ಒಂದೇ ಹೊತ್ತಿಗೆ ಹಲವು ಹೆಂಗಸರ ಕೈ ಹಿಡಿದು ಬಳೆ ತೊಡಿಸುವುದನ್ನು ಕಂಡು ಯಾರೂ ಬೆರಗಾಗಲಿಲ್ಲ. ಸರದಿ ಬೇಗ ಬರುತ್ತದಲ್ಲ ಎಂದು ಸಂತೋಷಪಟ್ಟರು. ಜಾತಕ ನೋಡುವ ಜೋಯಿಸರು ಈಗ ಮೊದಲು ಮೃಗಾಲಯದ ನಕ್ಷೆಯನ್ನು ಹಾಸಿ, ಹುಡುಗನದು ಯಾವ ಆವರಣ, ಹುಡುಗಿಯದು ಯಾವ ತೊಟ್ಟಿ ಎಂದು ವಿಚಾರಿಸುತ್ತಿದ್ದರು. ನವಿಲಿನ ಮನೆಯವರು ಹಾವಿನ ಮನೆಯ ಹೆಣ್ಣನ್ನು ಒಪ್ಪಲಿಲ್ಲ. ಪುರಸಭೆಯವರು ಪ್ರತಿಯೊಂದು ಪಂಜರದ ಮುಂದೆಯೂ ಕಲ್ಲುಬೆಂಚು ಹಾಕಿಸಿದರು. ಜನ ಸಂಜೆ ಬಂದು ತಮ್ಮ ತಮ್ಮದರ ಎದುರು ಕುಳಿತು ಮನೆಯ ಸುದ್ದಿ ಹೇಳಿಕೊಂಡು ಹೋಗುತ್ತಿದ್ದರು.

ನಾನು ಊರ ಬಸದಿಯಲ್ಲಿ ಶ್ರುತವನ್ನು, ಎಂದರೆ ಜಿನಶಾಸ್ತ್ರವನ್ನು, ಓದುವವನು. ಪಾಯಣ್ಣ ಪಂಡಿತನೆಂದು ಕರೆಯುತ್ತಾರೆ. ಬಸದಿಯ ಗರ್ಭಗೃಹದ ಪಕ್ಕದ ಕೋಣೆಯಲ್ಲಿ ರೇಷ್ಮೆವಸ್ತ್ರದಲ್ಲಿ ಕಟ್ಟಿಟ್ಟ ಒಂದು ತಾಳೆಯೋಲೆಯ ಪುರಾಣವಿದೆ. ಅದನ್ನು ವರ್ಷಕ್ಕೊಮ್ಮೆ ಶ್ರುತಪಂಚಮಿಯ ದಿನ ಬಿಚ್ಚಿ, ಸೂರ್ಯ ಹುಟ್ಟುವಾಗ ಆರಂಭಿಸಿ, ಸೂರ್ಯ ಮುಳುಗುವುದರೊಳಗೆ ಓದಿ ಮುಗಿಸಬೇಕು. ಓದುವವನು ಪೀಠದ ಮೇಲೆ ಕಾಲು ಮಡಿಸಿ ಪಲ್ಯಂಕಾಸನದಲ್ಲಿ ಕುಳಿತರೆ ಮುಗಿಯುವ ತನಕ ಏಳಕೂಡದು. ಎದ್ದರೆ ಓಲೆಯನ್ನು ಅಲ್ಲಿಗೇ ಕಟ್ಟಿಡಬೇಕು; ಎದ್ದವನೂ ಅವನ ವಂಶದವರೂ ಮತ್ತೆ ಆ ಪೀಠವನ್ನು ಏರುವಂತಿಲ್ಲ. ನನ್ನ ತಂದೆ ಎದ್ದವರಲ್ಲ, ಅಜ್ಜ ಎದ್ದವರಲ್ಲ. ಅಜ್ಜನ ಮೊಣಕಾಲಿನ ಮೇಲೆ ಒಮ್ಮೆ ಚೇಳು ಹರಿದುಹೋಯಿತಂತೆ, ಅವರ ಸ್ವರ ಕೂಡ ಅಲುಗಲಿಲ್ಲವಂತೆ. ನಮ್ಮ ಮನೆತನಕ್ಕೆ ಹೊಲವಿಲ್ಲ, ಅಂಗಡಿಯಿಲ್ಲ. ಕುಳಿತುಕೊಳ್ಳುವ ಶಕ್ತಿಯೊಂದೇ ನಮ್ಮ ಆಸ್ತಿ.

ಆ ಆಸ್ತಿಯನ್ನು ಮೃಗಾಲಯ ಕಸಿದುಕೊಂಡಿತು. ಅದು ತೆರೆದ ಕೆಲವು ದಿನಗಳಲ್ಲಿ, ಬೆಳಗಿನ ಸಾಮಾಯಿಕಕ್ಕೆಂದು ಕಣ್ಣು ಮುಚ್ಚಿ ಕುಳಿತವನು ಕಣ್ಣು ತೆರೆದಾಗ ಹಜಾರದ ಆಚೆಗೋಡೆಯ ಬಳಿ ನಿಂತಿದ್ದೆ. ಎದ್ದದ್ದು ತಿಳಿಯಲಿಲ್ಲ, ನಡೆದದ್ದು ತಿಳಿಯಲಿಲ್ಲ. ಮತ್ತೆ ಬಂದು ಕುಳಿತೆ. ಮತ್ತೆ ಎದ್ದೆ. ಮುಹೂರ್ತಕಾಲ ಸಮಚಿತ್ತನಾಗಿ ಕುಳಿತಿರುವುದೇ ಸಾಮಾಯಿಕ. ನಾನೋ ಗೋಡೆಯಿಂದ ಗೋಡೆಗೆ ತಲೆ ತಗ್ಗಿಸಿ ನಡೆಯುತ್ತಿದ್ದೆ, ಮೂಲೆ ಬಂದಾಗ ಹೆಗಲನ್ನು ಒಮ್ಮೆ ಗೋಡೆಗೆ ಉಜ್ಜಿ ತಿರುಗುತ್ತಿದ್ದೆ. ಅದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಸೂರ್ಯ ಮುಳುಗಿದ ಮೇಲೆ ನಾವು ನೀರನ್ನೂ ಮುಟ್ಟದವರು. ಸರಿಯಾಗಿ ಆ ಹೊತ್ತಿಗೆ ನನ್ನ ದವಡೆ ತಾನಾಗಿಯೇ ಜಗಿಯತೊಡಗುತ್ತಿತ್ತು. ಖಾಲಿ ಬಾಯಲ್ಲಿ ಕಬ್ಬಿಣದಂತಹ ಒಂದು ರುಚಿ ಹರಡುತ್ತಿತ್ತು. ನಾನು ಉತ್ತರೀಯವನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ.

ಇದೇ ವೇಳೆಗೆ ನನ್ನಾಕೆ ಮರುದೇವಮ್ಮ ಕುಳಿತುಬಿಟ್ಟಳು. ಮದುವೆಯಾಗಿ ಬಂದಂದಿನಿಂದ ಅವಳು ಕುಳಿತದ್ದನ್ನು ನಾನು ಕಂಡವನಲ್ಲ. ನೀರು ಶೋಧಿಸುವುದು, ಅಕ್ಕಿ ಆರಿಸುವುದು, ಬಸದಿಗೆ ಹೂವು ಕಟ್ಟುವುದು, ನಾನು ಕುಳಿತಲ್ಲಿಗೆ ಬಿಸಿಹಾಲು ತರುವುದು, ಎಲ್ಲವೂ ಓಡಾಟದಲ್ಲೇ. ಅಂಥವಳು ಒಂದು ಬೆಳಗ್ಗೆ ಜಗಲಿಯ ಎಳೆಬಿಸಿಲಿಗೆ ಕತ್ತು ಚಾಚಿ ಕುಳಿತಿದ್ದಳು.

"ಇದೇನು, ಒಲೆ ಹಚ್ಚಿಲ್ಲವೇ?" ಎಂದೆ, ನಡೆಯುತ್ತಲೇ.

"ಹಚ್ಚೋಣ. ಒಲೆ ಎಲ್ಲಿಗೆ ಓಡಿಹೋಗತ್ತೆ?"

"ನಿನ್ನದು ಯಾವುದು?"

"ನಕ್ಷತ್ರದ ಆಮೆ. ನೋಡಿದ ಕೂಡಲೇ ಗೊತ್ತಾಯ್ತು. ಒಂದು ಎಲೆ ತಿಂತು ನೋಡಿ, ಇಡೀ ಬೆಳಗ್ಗೆ ಒಂದೇ ಎಲೆ. ಅಷ್ಟು ನೆಮ್ಮದಿಯಾಗಿ ನಾನು ಒಂದು ತುತ್ತಾದರೂ ತಿಂದಿದ್ದೀನಾ ಅಂತ ಯೋಚನೆ ಮಾಡ್ತಾ ಕೂತಿದ್ದೀನಿ."

ನನಗೆ ಅಸೂಯೆಯಾಯಿತು ಎಂದರೆ ಸುಳ್ಳಲ್ಲ. ಆಮೆ ಇಪ್ಪತ್ತನೆಯ ತೀರ್ಥಂಕರರ ಲಾಂಛನ. ಅಕ್ಷರ ಕಲಿಯದವಳಿಗೆ ಲಾಂಛನದ ಪ್ರಾಣಿ ಒಲಿದಿರುವಾಗ, ಶ್ರುತವನ್ನೇ ಉಸಿರಾಡಿದವನಿಗೆ ಒಲಿದಿರುವುದು ಯಾವುದಿರಬಹುದು? ಅದನ್ನು ಹುಡುಕಬೇಕು, ಹುಡುಕಿ, ಅದರ ಚಡಪಡಿಕೆಗೆ ಕಾರಣ ತಿಳಿದು ಶಮನ ಮಾಡಿದರೆ ನಾನು ಕುಳಿತೇನು. ಶ್ರುತಪಂಚಮಿ ಹತ್ತಿರವಾಗುತ್ತಿತ್ತು. ಮಡಿಯುಟ್ಟು ಮೃಗಾಲಯಕ್ಕೆ ಹೊರಟೆ.

ಸಿಂಹದ ಆವರಣ ಎಲ್ಲಕ್ಕಿಂತ ಹೊಸದು. ಕೃತಕ ಬೆಟ್ಟ, ಬೆಟ್ಟದ ಮೇಲೊಂದು ಜಲಧಾರೆ. ಜನ ಅದರ ಮುಂದೆಯೇ ಹೆಚ್ಚು ಮುತ್ತುತ್ತಿದ್ದರು. ನಾನೂ ನಿಂತೆ. ಸಿಂಹವೋ ಹಗಲೆಲ್ಲ ಹೊಟ್ಟೆ ಮೇಲೆ ಮಾಡಿ ನಿದ್ರಿಸುತ್ತಿತ್ತು. ಅದು ಹಿಟ್ಟಿನ ಗಿರಣಿಯ ಮಾಲೀಕರದು ಎಂದು ಪಕ್ಕದವರು ಹೇಳಿದರು. ಆನೆ ಉಪನೋಂದಣಾಧಿಕಾರಿಗಳದು. ಮತ್ಸ್ಯಾಲಯದಲ್ಲಿ ಕಡಲಕುದುರೆಗಳು ನೆಟ್ಟಗೆ ನಿಂತು ಓಲಾಡುವ ಹಸಿರು ತೊಟ್ಟಿಯ ಮುಂದೆ ಸಂಗೀತದ ಮೇಷ್ಟರು ಮೈಮರೆತು ತಲೆದೂಗುತ್ತಿದ್ದರು. ಎಲ್ಲಿಯೂ ನನ್ನ ಕಾಲು ಏನೂ ಹೇಳಲಿಲ್ಲ. ಕೊನೆಗೆ ಪಟ್ಟೆತಲೆಯ ಹೆಬ್ಬಾತುಗಳ ಬೇಲಿಯ ಬಳಿ ಬಂದೆ. ಸಿಮೆಂಟಿನ ನೆಲ, ಮೂಲೆಯಲ್ಲಿ ಬಾಣಲೆಯಷ್ಟು ನೀರು. ಬಿಳಿಯ ಕತ್ತಿನ ಒಂದು ಹಕ್ಕಿ ಬೇಲಿಯುದ್ದಕ್ಕೂ ಆಚೆ ಈಚೆ ನಡೆಯುತ್ತಿತ್ತು. ಫಲಕದಲ್ಲಿ ಏನು ಬರೆದಿದ್ದರೇನು, ನನ್ನ ಕಣ್ಣಿಗೆ ಅದು ಹಂಸ. ಹಾಲನ್ನೂ ನೀರನ್ನೂ ಬೇರ್ಪಡಿಸುವ, ವಿವೇಕಿಗೆ ಉಪಮಾನವಾದ ಹಂಸ. ಸ್ಥಳ ಸಾಲದೆ ಚಡಪಡಿಸುತ್ತಿದೆ. ಇನ್ನೇನು ಬೇಕು?

ಮನೆಗೆ ಬಂದು, ನಡೆಯುತ್ತಲೇ ಹೇಳುತ್ತ ಮರುದೇವಮ್ಮನ ತಮ್ಮನಿಂದ ಬರೆಸಿ, ಹಂಸಗಳಿಗೆ ಒಂದು ಕೊಳ ಬೇಕೆಂದು ಕಂದಪದ್ಯಗಳಲ್ಲಿ ಬಿನ್ನವತ್ತಳೆ ಒಪ್ಪಿಸಿದೆ. ಮೃಗಾಲಯದ ಮೇಲ್ವಿಚಾರಕ ಬೊಮ್ಮಣ್ಣ ಸಂಕೋಚದ ಮನುಷ್ಯ. ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಅರ್ಥ ಪೂರ್ತಿ ಆಗ್ಲಿಲ್ಲ ಪಂಡಿತರೇ. ಆದ್ರೆ ಇಷ್ಟೊಂದು ಪ್ರಾಸ ಇರೋ ಅರ್ಜೀನ ತಳ್ಳಿಹಾಕೋ ಧೈರ್ಯ ನನಗಿಲ್ಲ. ಕೊಳಕ್ಕೆ ಜಾಗ ಎಲ್ಲಿಂದ ತರೋಣ ಹೇಳಿ?"

"ಹಿಂಬದಿಯಲ್ಲಿ ಒಂದು ಅಂಗಳ ಬರಿದಾಗಿ ಕಾಣುತ್ತದಲ್ಲ."

"ಅಲ್ಲೊಂದಿದೆ. ಅದನ್ನ ನೋಡೋಕೆ ಯಾರೂ ಬರಲ್ಲ. ಬೆಂಚು ಹಾಕಿದ್ದು ಹಾಗೇ ಇದೆ. ಯಾರದೂ ಅಲ್ಲ ಅನ್ಸತ್ತೆ." ಅವನು ಕಿವಿಯ ಹಿಂದೆ ಕೆರೆದುಕೊಂಡ. "ಸ್ವಲ್ಪ ಒತ್ತರಿಸಿಕೊಂಡ್ರೆ ಆಗತ್ತೆ ಬಿಡಿ."

ಅದು ಯಾವ ಪ್ರಾಣಿ ಎಂದು ನಾನು ಕೇಳಲಿಲ್ಲ.

ಕೊಳವಾಯಿತು, ತಾವರೆಯನ್ನೂ ಬಿಟ್ಟರು. ಹೆಬ್ಬಾತುಗಳು ನೀರಿಗಿಳಿದು ರೆಕ್ಕೆ ಬಡಿದಾಗ ನೆರೆದವರು ಚಪ್ಪಾಳೆ ತಟ್ಟಿದರು; ಆ ವಾರ ಊರಿನ ಎಲ್ಲರ ಮೆಚ್ಚಿನ ನೋಟ ಅದೇ ಆಯಿತು. ನಾನು ಮನೆಗೆ ಬಂದು, ಚಾಪೆ ಹಾಸಿ, ಪಲ್ಯಂಕಾಸನ ಹಾಕಿ, ಶಾಂತಿ ಬರಲೆಂದು ಕಾದೆ. ಬಂದದ್ದು ಬೇರೆ. ಈಗ ನಾನು ಹಜಾರದ ಆಚೆಗೋಡೆಯವರೆಗೂ ಹೋಗುತ್ತಿರಲಿಲ್ಲ. ನಡುಕಂಬದ ಬಳಿಯೇ, ಅಲ್ಲಿ ಯಾರೋ ಗೋಡೆ ಎಬ್ಬಿಸಿದ್ದಾರೆ ಎಂಬಂತೆ, ತಟ್ಟನೆ ತಿರುಗುತ್ತಿದ್ದೆ. ನಡಿಗೆ ಮೊಟಕಾದಷ್ಟೂ ವೇಗ ಹೆಚ್ಚಿತು. ತಲೆ ತಿರುಗಿ ಕಂಬವನ್ನು ಹಿಡಿದುಕೊಂಡರೆ ಕಾಲು ನಿಂತಲ್ಲೇ ಎದ್ದು ಎದ್ದು ಬೀಳುತ್ತಿತ್ತು.

ಶಾಂತಿ ಸಿಕ್ಕಿದ್ದು ಬಸದಿಯ ಮೊಕ್ತೇಸರ ಧರಣಪ್ಪನವರಿಗೆ. ಅವರು ಬಸದಿಯ ಕಲ್ಯಾಣಿಯಲ್ಲಿ ಕತ್ತಿನವರೆಗೆ ಮುಳುಗಿ ಕುಳಿತದ್ದನ್ನು ನಾನೇ ಕಂಡೆ. ಲೆಕ್ಕದವರು ಮೆಟ್ಟಿಲ ಮೇಲೆ ನಿಂತು ಅವರಿಂದ ರುಜು ಹಾಕಿಸಿಕೊಳ್ಳುತ್ತಿದ್ದರು.

"ಏನು ಸುಖ ಪಂಡಿತರೇ!" ಎಂದರು ಧರಣಪ್ಪನವರು, ತಲೆ ಕೊಡವಿ. "ನನ್ನದು ಯಾವುದು ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲ. ಆ ಬಾತುಗಳು ನೀರಿಗಿಳಿದ ಗಳಿಗೆ, ನಾನು ಪಂಚೆ ಸಮೇತ ಇಲ್ಲಿಗೆ ಹಾರಿದೆ. ಆ ಕೊಳ ನೀವು ಮಾಡಿಸಿದ್ದಂತೆ. ನಿಮ್ಮ ಋಣ ತೀರಿಸ್ತೀನಿ ನೋಡಿ."

ಹಂಸ ನನ್ನದಲ್ಲ, ನೀರಲ್ಲಿ ನೆನೆಯುತ್ತಿದ್ದ ಮೊಕ್ತೇಸರರದು. ಅಂದು ಸಂಜೆ ಅವಮಾನದಿಂದ ಮತ್ತೆ ಮೃಗಾಲಯಕ್ಕೆ ಹೋಗಿ ಕೊಳದ ಸುತ್ತ ತಿರುಗುತ್ತಿದ್ದಾಗ, ಹೊಸ ಗೋಡೆಯ ಹಿಂದಿನ ಇಕ್ಕಟ್ಟಾದ ಓಣಿಗೆ ಕಾಲು ತಾನೇ ನನ್ನನ್ನು ಎಳೆದೊಯ್ದಿತು. ಅಲ್ಲೊಂದು ಪಂಜರ. ಬೆಂಚಿನ ಮೇಲೆ ಒಣಗಿದ ಎಲೆಗಳು. ಪಂಜರದೊಳಗೆ ಮುಂಗಾಲು ಎತ್ತರ, ಹಿಂಗಾಲು ಕುಳ್ಳು, ಬೆನ್ನು ಇಳಿಜಾರು, ಮಾಸಲು ಮೈಮೇಲೆ ಕಪ್ಪು ಪಟ್ಟೆ, ಕತ್ತಿನಲ್ಲಿ ಕೆದರಿದ ಜೂಲು. ಕತ್ತೆಕಿರುಬ. ತಲೆ ತಗ್ಗಿಸಿ ಹೊಸ ಗೋಡೆಯಿಂದ ಹಳೆಯ ಗೋಡೆಗೆ ನಡೆಯುತ್ತಿತ್ತು. ಮೂಲೆಯಲ್ಲಿ ಹೆಗಲುಜ್ಜಿ ತಿರುಗುತ್ತಿತ್ತು.

ನನ್ನ ಹೆಗಲು ಕಂಬಿಗೆ ಉಜ್ಜಿತು. ನಾನು ತಿರುಗಿದೆ.

"ಅಯ್ಯಯ್ಯೋ, ಬನ್ರೇ ಇಲ್ಲಿ, ಪಂಡಿತರದು ಸಿಕ್ತು!" ಎಂದು ಹಿಂದಿನಿಂದ ಗೌರಕ್ಕನ ಕೂಗು. ಅಷ್ಟಪದಿಯನ್ನು ನೋಡಲು ಬಂದವಳು ನನ್ನ ಹಿಂದೆಯೇ ಓಣಿಗೆ ಬಂದಿದ್ದಳು. "ಇನ್ನೊಂದ್ಸಲ ನಡೀರಿ ಪಂಡಿತರೇ. ನೋಡ್ರೇ ನೋಡ್ರೇ, ಅದು ತಿರುಗಿದ್ರೆ ಇವರೂ ತಿರುಗ್ತಾರೆ!"

"ಹೆಣ ತಿನ್ನೋದಲ್ವೇನೇ ಇದು?" ಎಂದಳು ಅವಳ ಜೊತೆಯವಳು.

"ಶ್, ಸುಮ್ನಿರೇ. ಬೆಳ್ಳುಳ್ಳಿ ವಾಸನೇನೂ ಸೇರದವರು ಅವರು."

"ಇದು ನನ್ನದಲ್ಲ," ಎಂದೆ. ಹೇಳುತ್ತಿರುವಾಗಲೇ ಮೂಲೆ ಬಂತು, ತಿರುಗಿದೆ. ಗೌರಕ್ಕ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಇಪ್ಪತ್ತನಾಲ್ವರು ತೀರ್ಥಂಕರರಲ್ಲಿ ಒಬ್ಬರೂ ಲಾಂಛನವಾಗಿ ತೆಗೆದುಕೊಳ್ಳದ ಪ್ರಾಣಿ. ಯಾವ ಕವಿಯೂ ಉಪಮೆಗೆ ಕರೆಯದ ಪ್ರಾಣಿ. ಮನೆಗೆ ಬಂದು ಹೇಳಿದಾಗ ಮರುದೇವಮ್ಮ ಜಗಲಿಯಲ್ಲೇ ಇದ್ದಳು.

"ಹೇಗಿದೆ?" ಎಂದಳು.

"ಕುರೂಪ."

"ಮುಖ ಹೇಗಿದೆ ಅಂದೆ."

"ಮುಖವನ್ನು ನಾನು ನೋಡಲಿಲ್ಲ."

"ಹೆಣ್ಣೋ, ಗಂಡೋ?"

"ನನಗೇನು ಗೊತ್ತು?"

ಅವಳು ನಿಧಾನವಾಗಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು. "ನನ್ನ ಆಮೆಗೆ ಎಡಗಾಲಿನ ಒಂದು ಉಗುರು ಸೀಳಿದೆ. ತುಂಬೆ ಹೂವು ಅಂದ್ರೆ ಇಷ್ಟ. ನಿಮ್ಮದನ್ನ ನೀವು ಮುಖಾನೂ ನೋಡದೆ ಬಂದ್ರಾ?"

ನಾನು ಕಂಬದ ಕಡೆಗೆ ನಡೆದೆ. ಅಲ್ಲಿಂದ ಮುಂದೆ ಆ ಓಣಿಗೆ ಹೋಗಲಿಲ್ಲ. ಹೋಗದಿದ್ದರೆ ನಂಟು ಸಡಿಲವಾದೀತೆಂದು ಆಸೆ. ಸಡಿಲವಾಗಲಿಲ್ಲ. ಉಪವಾಸ ಮಾಡಿದೆ, ಫಲವಿಲ್ಲ. ಪಾದಕ್ಕೆ ಬಟ್ಟೆ ಸುತ್ತಿ ಹಗ್ಗದಿಂದ ನಡುಕಂಬಕ್ಕೆ ಕಟ್ಟಿಸಿಕೊಂಡೆ. ಹಗ್ಗ ಚರ್ಮವನ್ನು ತಿಂದಿತೇ ಹೊರತು ಕಾಲು ಕೇಳಲಿಲ್ಲ.

ಪಂಚಮಿ ಬಾಗಿಲಿಗೆ ಬಂದಾಗ ಧರಣಪ್ಪನವರು ಕಲ್ಯಾಣಿಯಿಂದ ನೇರವಾಗಿ, ನೀರು ತೊಟ್ಟಿಕ್ಕಿಸುತ್ತ ನಮ್ಮ ಮನೆಗೆ ಬಂದರು. "ಊರೆಲ್ಲ ಆಡಿಕೊಳ್ತಿದೆ, ಪಂಡಿತರೇ. ನೀವು ಕೂರಲಾರಿರಿ ಅಂತ. ಬೇರೆ ಊರಿನಿಂದ ಯಾರನ್ನಾದರೂ ಕರೆಸಿ ಅಂತ ಕಮಿಟಿಯವರು ಕೂತಲ್ಲಿ ನಿಂತಲ್ಲಿ ಹೇಳ್ತಾರೆ. ನಾನು ಒಪ್ಪಿಲ್ಲ. ಆ ಪೀಠ ನಿಮ್ಮ ಮನೆತನದ್ದು."

"ಆದರೆ ನಾನು ಕೂರಲಾರೆ, ಧರಣಪ್ಪನವರೇ. ನೀವೇ ನೋಡುತ್ತಿದ್ದೀರಿ."

"ಕೂರೋದನ್ನ ನನಗೆ ಬಿಡಿ. ಓದೋದನ್ನ ನೀವು ನೋಡಿಕೊಳ್ಳಿ. ನಿಮ್ಮ ಋಣ ಇದೆ ನನ್ನ ಮೇಲೆ." ಅವರ ಒದ್ದೆ ಮುಖದಲ್ಲಿ ಕಪಟವಿರಲಿಲ್ಲ. ಹೇಗೆ ಎಂದು ಕೇಳಲು ಬಾಯಿ ತೆರೆದೆ. ಮೂಲೆ ಬಂತು, ತಿರುಗಿದೆ; ಮತ್ತೆ ಅವರ ಕಡೆಗೆ ಮುಖವಾಗುವಷ್ಟರಲ್ಲಿ ಕೇಳುವ ಮನಸ್ಸನ್ನು ನುಂಗಿಕೊಂಡಿದ್ದೆ. ನನಗೆ ಪೀಠ ಬೇಕಾಗಿತ್ತು.

ಶ್ರುತಪಂಚಮಿಯ ಬೆಳಗ್ಗೆ ಬಸದಿಗೆ ನಡೆದು ಹೋಗುವಾಗಲೇ ಹೆಜ್ಜೆ ಭಾರವಾಗಿ ಹಿತವಾಯಿತು. ಪೀಠವನ್ನೇರಿ ಕಾಲು ಮಡಿಸಿದೆ. ಮಡಿಸಿದ ಕಾಲು ಮಡಿಸಿದಂತೆಯೇ ಉಳಿಯಿತು. ಎಷ್ಟು ದಿನಗಳ ಮೇಲೆ! ನವರಂಗದಲ್ಲಿ ನೆರೆದವರ ನಡುವೆ ಒಂದು ನಿಟ್ಟುಸಿರು ಹರಿಯಿತು. ತಿಮ್ಮರಸಯ್ಯನವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಿದ್ದರು. ಗೌರಕ್ಕ ಪಕ್ಕದ ಕಟ್ಟೆಯ ಮೇಲೆ. ಮರುದೇವಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ, ಬಿಸಿಲು ಬೀಳುವ ಕಡೆ. ಧರಣಪ್ಪನವರು ಒದ್ದೆ ತಲೆಯಲ್ಲಿ ನನ್ನತ್ತ ನೋಡಿ ಮುಗುಳ್ನಕ್ಕರು. ಓಲೆ ಬಿಚ್ಚಿದೆ. ಸ್ತುತಿ ಮುಗಿಯಿತು, ವಂಶಾವಳಿ ಮುಗಿಯಿತು, ವೈರಾಗ್ಯದ ಸಂಧಿಯೂ ಮುಗಿಯಿತು. ಸ್ವರ ಎಂದಿಗಿಂತ ಮಂದ್ರವಾಗಿ, ಎಂದಿಗಿಂತ ಗಂಭೀರವಾಗಿ ಬರುತ್ತಿತ್ತು. ಅಜ್ಜನೂ ಹೀಗೆಯೇ ಕುಳಿತಿದ್ದಿರಬೇಕು ಎಂದುಕೊಂಡೆ.

ಮಧ್ಯಾಹ್ನ ಇಳಿದ ಮೇಲೆ ಸಮವಸರಣದ ಸಂಧಿ ಬಂತು. ಜಿನನ ದಿವ್ಯಧ್ವನಿಯನ್ನು ಕೇಳಲು ಮೂರು ಲೋಕವೂ ನೆರೆಯುವ ಸಭೆ ಅದು. ದೇವತೆಗಳಿಗೊಂದು ಸಾಲು, ಮನುಷ್ಯರಿಗೊಂದು ಸಾಲು, ಕಟ್ಟಕಡೆಯ ಸಾಲು ತಿರ್ಯಂಚ ಜೀವಿಗಳಿಗೆ. ನಮ್ಮ ಕವಿ ಆ ಸಾಲನ್ನು ಉತ್ಸಾಹದಿಂದ ವರ್ಣಿಸಿದ್ದಾನೆ. ಹುಲಿಯ ಪಕ್ಕದಲ್ಲಿ ಹುಲ್ಲೆ, ಹಾವಿನ ಹೆಡೆಯ ನೆರಳಲ್ಲಿ ಕಪ್ಪೆ, ಸಿಂಹ, ಆನೆ, ಹಂಸ ಎಲ್ಲವನ್ನೂ ಹೆಸರಿಸಿ, ಉಳಿದವೂ ಬಂದು ಕುಳಿತವು ಎಂದು ಪದ್ಯ ಮುಗಿಸುತ್ತಾನೆ. ಉಳಿದವು. ಎಷ್ಟು ವರ್ಷಗಳಿಂದ ಓದಿದ್ದೆ. ಆ ಮಾತಿನ ಬಳಿ ಒಮ್ಮೆಯೂ ನಿಂತಿರಲಿಲ್ಲ, ಯಾಕೆಂದರೆ ಮುಂದಿನ ಪದ್ಯದ ಲಯ ಸೊಗಸು. ಅಂದು ನಿಂತೆ. ನಿಂತದ್ದು ವಿವೇಕದಿಂದಲ್ಲ, ನಾಲಗೆ ಹೊರಳಲಿಲ್ಲ. ಬಾಯಿಯ ಅಂಚಿನಿಂದ ಒಂದು ಎಳೆ ಜೊಲ್ಲು ಇಳಿದು ಓಲೆಯ ಮೇಲೆ, ಆ ಮಾತಿನ ಮೇಲೆಯೇ ಬಿತ್ತು.

ಒರೆಸಲು ಕೈಯೆತ್ತಹೋದೆ. ಕೈ ಏಳಲಿಲ್ಲ. ಆಗ ತಿಳಿಯಿತು, ಬೆಳಗಿನಿಂದ ನನ್ನನ್ನು ಹಿಡಿದು ಕೂರಿಸಿದ್ದ ನಿಶ್ಚಲತೆ ನನ್ನದಲ್ಲ ಎಂದು.

"ಧರಣಪ್ಪನವರೇ," ಎಂದೆ. ಮಾತು ತೊದಲಿತು. "ಅದಕ್ಕೆ ಏನು ಮಾಡಿದಿರಿ?"

ಅವರು ಗಾಬರಿಯಿಂದ ಪೀಠದ ಹತ್ತಿರಕ್ಕೆ ಬಾಗಿದರು. "ಏನೂ ಇಲ್ಲ, ನೀವು ಓದಿ. ಇವತ್ತು ನಸುಕಿನಲ್ಲೇ ಕೊಟ್ಟ ಮಾಂಸದಲ್ಲಿ ಒಂಚೂರು ಮಂಪರಿನ ಮದ್ದು, ಅಷ್ಟೇ. ಬೊಮ್ಮಣ್ಣನಿಗೆ ಹೇಳಿ ಹಾಕಿಸಿದೆ. ಸೂರ್ಯ ಮುಳುಗೋ ಹೊತ್ತಿಗೆ ಎದ್ದುಬಿಡತ್ತೆ. ಓದಿ, ಹೊತ್ತಾಗತ್ತೆ."

ಅಹಿಂಸಾವ್ರತಕ್ಕೆ ತಗಲುವ ದೋಷಗಳಲ್ಲಿ ಮೊದಲನೆಯದು ಬಂಧ, ಪ್ರಾಣಿಯನ್ನು ಕಟ್ಟಿಹಾಕುವುದು. ಪಾಠ ಹೇಳುವಾಗಲೆಲ್ಲ ನಾನು ಅದಕ್ಕೆ ಹಗ್ಗದ ಉದಾಹರಣೆ ಕೊಡುತ್ತಿದ್ದೆ. ಈಗ ಆ ಉದಾಹರಣೆ ನನ್ನ ಮಡಿಸಿದ ಕಾಲಿನಲ್ಲೇ ಕುಳಿತಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೆಯೇ ಇದ್ದರೆ ಪುರಾಣ ಮುಗಿಯುತ್ತಿತ್ತು, ಪೀಠ ಉಳಿಯುತ್ತಿತ್ತು, ಊರು ಬಾಯಿ ಮುಚ್ಚುತ್ತಿತ್ತು. ಜೊಲ್ಲು ಬಿದ್ದದ್ದನ್ನು ಕಂಡವನು ನಾನೊಬ್ಬನೇ. ಮತ್ತೊಂದು ಹನಿ ಬಿತ್ತು. ಅದು ಎಲ್ಲೋ ಒಂದು ಸಿಮೆಂಟಿನ ನೆಲದ ಮೇಲೆ, ಬಾಯಿ ತೆರೆದು ಬಿದ್ದಿದೆ ಎಂಬುದು ನನ್ನ ಬಾಯಿಗೇ ತಿಳಿಯುತ್ತಿತ್ತು.

ಏಳಲು ಹೊರಟೆ. ಕಾಲು ಬರಲಿಲ್ಲ. ಇಷ್ಟು ದಿನ ಕುಳಿತುಕೊಳ್ಳಲಾರದೆ ಗೋಳಾಡಿದವನು ಈಗ ಪೀಠದ ಮೇಲೆ ಏಳಲಾರದೆ ಒದ್ದಾಡುವುದನ್ನು ಕಂಡು ನವರಂಗದಲ್ಲಿ ಗುಜುಗುಜು ಎದ್ದಿತು.

ಹೆಂಗಸರ ಸಾಲಿನ ಕೊನೆಯಿಂದ ಮರುದೇವಮ್ಮ ಎದ್ದಳು. ಅಷ್ಟು ನಿಧಾನವಾಗಿ ಯಾರೂ ಒಂದು ನವರಂಗವನ್ನು ದಾಟಿರಲಾರರು. ಜನ ಮೊಣಕಾಲು ಮಡಿಸಿಕೊಂಡು ದಾರಿ ಬಿಟ್ಟರು. ಬಂದು ಪೀಠದ ಮುಂದೆ ನಿಂತು ಹೆಗಲು ತಗ್ಗಿಸಿದಳು.

"ಹಿಡ್ಕೊಳ್ಳಿ."

"ಏಳಲಾಗುತ್ತಿಲ್ಲ."

"ಆಗತ್ತೆ. ನನಗೇನು ಅವಸರ ಇಲ್ಲ."

"ಪಂಡಿತರೇ, ಎದ್ದರೆ ಪೀಠ ಹೋಯ್ತು!" ಧರಣಪ್ಪನವರ ಧ್ವನಿ ಒಡೆಯಿತು. "ನಿಮಗೋಸ್ಕರ ಮಾಡಿದ್ದು ನಾನು. ಇನ್ನೊಂದೇ ಸಂಧಿ. ನಿಮ್ಮ ಅಜ್ಜ, ನಿಮ್ಮ ಅಪ್ಪ..."

"ಬಲ್ಲೆ," ಎಂದೆ. ಹೆಂಡತಿಯ ಹೆಗಲನ್ನು ಹಿಡಿದು ಎದ್ದೆ. ಕೆಳಗಿಳಿದ ಮೇಲೆ ಹಿಂದಿರುಗಿ ನೋಡಿದರೆ ಧರಣಪ್ಪನವರು ಅಳುತ್ತ ಓಲೆಗಳನ್ನು ಜೋಡಿಸಿ ರೇಷ್ಮೆವಸ್ತ್ರವನ್ನು ಸುತ್ತುತ್ತಿದ್ದರು. ಜೊಲ್ಲು ಬಿದ್ದ ಗರಿಯನ್ನು ಅವರು ತಮ್ಮ ಉತ್ತರೀಯದಿಂದ ಒತ್ತಿ ಒರೆಸಿದ್ದನ್ನು ಕಂಡೆ.

ಬೀದಿಯಲ್ಲಿ ನಾವು ನಡೆದದ್ದು ಒಂದು ಮೆರವಣಿಗೆಯಂತಿತ್ತು. ನನ್ನ ಕಾಲು ಎಳೆಯುತ್ತಿತ್ತು, ಅವಳದು ಆಮೆಯ ಹೆಜ್ಜೆ, ಹಿಂದೆ ಏನಾಗುವುದೋ ನೋಡೋಣವೆಂದು ಬಸದಿಯಲ್ಲಿ ಕುಳಿತಿದ್ದವರೆಲ್ಲ. ಗೌರಕ್ಕ ಒಬ್ಬಳು ಮಾತ್ರ ಬೇಗ ಬಂದು ನನ್ನ ಇನ್ನೊಂದು ತೋಳನ್ನು ಹಿಡಿದಳು. "ನಕ್ಕಿದ್ದು ತಪ್ಪಾಯ್ತು ಪಂಡಿತರೇ, ಹೊಟ್ಟೆಗೆ ಹಾಕ್ಕೊಳ್ಳಿ," ಎಂದಳು, ಮತ್ತೆ ತಡೆಯಲಾರದೆ, "ಆದ್ರೂ ನೀವು ತಿರುಗ್ತಿದ್ದ ಚೆಂದ ಏನು ಹೇಳಲಿ!"

ಓಣಿಯಲ್ಲಿ ಬೊಮ್ಮಣ್ಣ ಪಂಜರದೊಳಗೆ ಕುಕ್ಕುರುಗಾಲಲ್ಲಿ ಕುಳಿತು ಪ್ರಾಣಿಯ ತಲೆಯ ಮೇಲೆ ನೀರು ಸುರಿಯುತ್ತಿದ್ದ. ನನ್ನನ್ನು ಕಂಡು ಎದ್ದ. "ಮೊಕ್ತೇಸರರು ಹೇಳಿದ್ರು, ಪಂಡಿತರಿಗೆ ಒಳ್ಳೇದಾಗತ್ತೆ ಅಂತ. ಜಾಸ್ತಿ ಆಯ್ತೋ ಏನೋ, ನಾಲಗೆ ಒಳಗೆ ಹೋಗ್ತಾ ಇಲ್ಲ."

ನಾನು ಕಂಬಿ ಹಿಡಿದು ನೆಲಕ್ಕೆ ಕುಸಿದೆ. ಆಗ ಮೊದಲ ಬಾರಿಗೆ ಅದರ ಮುಖವನ್ನು ನೋಡಿದೆ. ಒಂದು ಕಿವಿ ಹರಿದಿತ್ತು. ಮೂತಿ ನರೆತಿತ್ತು. ಮೂಗಿನ ಮೇಲೆ ಕೂದಲು ಉದುರಿ ಕೆಂಪಗೆ ಹುಣ್ಣಾದ ಒಂದು ಗೆರೆ. ಹೊಸ ಗೋಡೆಯಲ್ಲಿ ಆ ಗೆರೆಯ ಎತ್ತರಕ್ಕೇ ಸಿಮೆಂಟು ಸವೆದು ನುಣುಪಾಗಿತ್ತು. ಅರೆತೆರೆದ ಕಣ್ಣು ಕಂದು ಬಣ್ಣದ್ದು. ಅದರಲ್ಲಿ ಹೆಣ ತಿನ್ನುವ ಯಾವ ಕ್ರೌರ್ಯವೂ ನನಗೆ ಕಾಣಲಿಲ್ಲ; ದಣಿವು ಮಾತ್ರ ಕಂಡಿತು. ಆ ದಣಿವು ನನಗೆ ಪರಿಚಿತವಾಗಿತ್ತು.

"ಈ ಗೋಡೆ ಯಾವಾಗ ಕಟ್ಟಿದ್ದು, ಬೊಮ್ಮಣ್ಣ?"

"ನಿಮ್ಮ ಪದ್ಯ ಬಂದ ಮೇಲೆ. ಮುಂಚೆ ಆ ಕೊಳದ ಜಾಗವೆಲ್ಲ ಇದರದ್ದೇ. ಹಗಲೆಲ್ಲ ಆಚೆಗೂ ಈಚೆಗೂ ಓಡಾಡ್ಕೊಂಡಿರೋದು."

ಹಂಸ ನಾನೆಂದು ಬಗೆದು ನನ್ನ ಅಂಗಳವನ್ನು ನಾನೇ ಕಿತ್ತು ಕೊಟ್ಟಿದ್ದೆ, ಅದೂ ಛಂದಸ್ಸು ತಪ್ಪದಂತೆ.

ಪ್ರಾಣಿಯ ಹಿಂಗಾಲು ಒಮ್ಮೆ ಅದುರಿತು. ನನ್ನ ಪಾದದಲ್ಲಿ ಸಾವಿರ ಸೂಜಿ ಚುಚ್ಚಿದಂತಾಯಿತು. ಅದು ಮುಂಗಾಲನ್ನು ಊರಿತು, ಜಾರಿತು, ಮತ್ತೆ ಊರಿತು. ನಾನು ಕಂಬಿ ಹಿಡಿದು ಮೇಲೇಳುತ್ತ ಹೋದೆ. ಇಬ್ಬರೂ ನಿಂತೆವು. ಬೊಮ್ಮಣ್ಣ ಮೆಲ್ಲಗೆ ಹೊರಬಂದು ಚಿಲಕ ಹಾಕಿದ. ಅದು ನಡೆಯತೊಡಗಿತು, ತೂರಾಡುತ್ತ. ಕಂಬಿಯ ಈಚೆಗೆ ನಾನು.

ಓಲೆ ಕೈಯಲ್ಲಿರಲಿಲ್ಲ, ಪೀಠವಿರಲಿಲ್ಲ. ನಾಲಗೆ ಮಾತ್ರ ಹಿಂದಿರುಗಿ ಬಂದಿತ್ತು. ನಿಂತಿದ್ದ ಮಾತಿನಿಂದಲೇ ಎತ್ತಿಕೊಂಡೆ: ಉಳಿದವೂ ಬಂದು ಕುಳಿತವು. ಮುಂದಿನ ಪದ್ಯದ ಲಯ ನಡಿಗೆಗೆ ಕೂಡಿತು. ಗೋಡೆ ಬಂದಾಗ ಪಾದ ಮುಗಿಯುತ್ತಿತ್ತು. ತಿರುಗಿದಾಗ ಇನ್ನೊಂದು ಪಾದ. ಕುಳಿತು ಓದಿದಾಗ ನನ್ನ ಕಿವಿಗೆ ಒಂದು ದಿನವೂ ಬೀಳದ ಏದುಸಿರು ಆ ಪದ್ಯಗಳಲ್ಲಿತ್ತು. ಬರೆದವನೂ ಓಡಾಡುತ್ತಲೇ ಕಟ್ಟಿದ್ದನೋ ಏನೋ.

ಓಣಿ ಇಕ್ಕಟ್ಟು. ಜನ ತುಂಬಿ, ಉಳಿದವರು ಆಚೆಗೆ ಸರಿದು ತಮ್ಮ ತಮ್ಮ ಬೆಂಚುಗಳಲ್ಲಿ ಕುಳಿತರು. ಸ್ವರ ಎತ್ತರಿಸಿದೆ. ಓದು ಸಾಗಿದಂತೆ ಸುತ್ತಲಿನ ಸದ್ದು ಒಂದೊಂದಾಗಿ ಅಡಗಿತು. ಮಾತು ಮೊದಲು ನಿಂತಿತು, ಆಮೇಲೆ ಚೀರಾಟ, ರೆಕ್ಕೆಯ ಬಡಿತ. ಓಣಿಯ ಬಾಯಿಯಿಂದ ಕಾಣುತ್ತಿದ್ದಷ್ಟರಲ್ಲಿ, ತಿಮ್ಮರಸಯ್ಯನವರು ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವರ ಎದುರಿನ ಬಂಡೆಯ ಮೇಲೆ ನೀರುನಾಯಿಗಳು ಕಲ್ಲನ್ನು ಎದೆಗವುಚಿಕೊಂಡು ಅಲುಗದೆ ಮಲಗಿದ್ದವು. ನವಿಲು ಹಾವಿನ ಗಾಜಿನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿತ್ತು. ಎಲ್ಲರೂ ಕುಳಿತಿದ್ದರು, ಎಲ್ಲವೂ ಕುಳಿತಿದ್ದವು. ನಾವಿಬ್ಬರೇ ನಡೆಯುತ್ತಿದ್ದೆವು.

ಕೊನೆಯ ಪದ್ಯ ಮುಗಿದಾಗ ಬಿಸಿಲು ಗೋಡೆಯ ತುದಿಯಲ್ಲಿತ್ತು. ಧರಣಪ್ಪನವರು ಓಣಿಯ ಬಾಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು, ಅವರ ಪಂಚೆ ಪೂರ್ತಿ ಒಣಗಿತ್ತು.

"ಬೊಮ್ಮಣ್ಣ, ಈ ಗೋಡೆಯನ್ನು ತೆಗೆಸಬೇಕು," ಎಂದೆ.

"ಅರ್ಜಿ ಕೊಡಿ ಪಂಡಿತರೇ." ಅವನು ತಡವರಿಸಿದ. "ಈ ಸಲ ಮಾಮೂಲಿ ಮಾತಲ್ಲಿ ಕೊಟ್ರೆ ಉಪಕಾರ."

"ಹಾಗಾದ್ರೆ ಕೊಳ?" ಎಂದರು ಧರಣಪ್ಪನವರು ಕ್ಷೀಣವಾಗಿ.

"ಅರ್ಧ ಇಟ್ಕೊಳ್ಳಿ," ಎಂದಳು ಮರುದೇವಮ್ಮ ಬೆಂಚಿನಿಂದ. ಒಣಗಿದ ಎಲೆಗಳನ್ನು ಸರಿಸಿ ಅವಳು ಅಲ್ಲಿ ಕುಳಿತಿದ್ದಳು. "ಕತ್ತಿನವರೆಗೆ ಯಾಕೆ, ಸೊಂಟದವರೆಗೆ ಸಾಲದೆ?"

ಧರಣಪ್ಪನವರು ನಗಲಿಲ್ಲ. ಬಸದಿಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ, "ಪೀಠದ ವಿಷಯ ನನ್ನ ಕೈಯಲ್ಲಿಲ್ಲ ಪಂಡಿತರೇ. ನಿಯಮ ನಿಯಮವೇ," ಎಂದರು.

"ಹೌದು," ಎಂದೆ. ಅದು ನೋಯಿಸಿತು, ನೋಯಿಸಿದ್ದು ಕಾಲನ್ನು ನಿಲ್ಲಿಸಲಿಲ್ಲ. ಹೊಟ್ಟೆಯಲ್ಲಿ ಒಂದು ಹಸಿವು ಏಳುತ್ತಿತ್ತು, ನನ್ನದಲ್ಲದ್ದು. ಅನ್ನಪಾನವನ್ನು ತಡೆಯುವುದೂ ಅಹಿಂಸಾವ್ರತದ ಆ ದೋಷಗಳಲ್ಲಿ ಒಂದು. "ಬೊಮ್ಮಣ್ಣ, ಇದಕ್ಕೆ ಹಸಿವಾಗಿದೆ. ಇದರ ಊಟ ಇದಕ್ಕೆ ಹಾಕು. ಬರೀ ಊಟ." ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಸೂರ್ಯ ಮುಳುಗಿದ. ದವಡೆ ಜಗಿಯತೊಡಗಿತು. ನಾನು ಉತ್ತರೀಯವನ್ನು ಹುಡುಕಲಿಲ್ಲ.

ಜನ ಚದುರಿದ ಮೇಲೆ ಮರುದೇವಮ್ಮನನ್ನು ಕೇಳಿದೆ: "ಮನೆಗೆ ಹೋಗೋಣವೇ? ನಿನಗೆ ದಣಿವಾಗಿರಬೇಕು."

"ನನಗೇನು ದಣಿವು? ಇಷ್ಟು ವರ್ಷ ನೀವು ಕೂತಿದ್ರಿ, ನಾನು ನಡೆದೆ. ಈಗ ನಾನು ಕೂತಿದ್ದೀನಿ. ನಡೀರಿ, ನೋಡ್ತೀನಿ."

ಕತ್ತೆಕಿರುಬ ಮೂಲೆಯ ಬಳಿ ನಿಂತು, ಹರಿದ ಕಿವಿಯನ್ನು ನನ್ನ ಕಡೆಗೆ ಹೊರಳಿಸಿ, ಮೊದಲ ಸಲ ನನ್ನ ಮುಖವನ್ನು ನೋಡಿತು. ಹೆಣ್ಣು ಎಂದು ಬೊಮ್ಮಣ್ಣ ಹೇಳಿದ್ದ. ಆಮೇಲೆ ಇಬ್ಬರೂ ತಿರುಗಿದೆವು. ಮೊದಲು ತಿರುಗಿದವರು ಯಾರು ಎಂಬುದನ್ನು ನಾನು ಹೇಳಲಾರೆ.